ಬಿಸಿಯಾದರೆ ಆರುವ ಟಾರ್ಚ್: ದೋಷ ಹುಡುಕಿದ ಬಗೆ

ನನ್ನ ಪುಟ್ಟ ಎಲ್‌ಇಡಿ ಟಾರ್ಚ್‌ನಲ್ಲಿ ಇರುವುದು ಇಷ್ಟೇ: ಒಂದು ಲಿಥಿಯಂ ಸೆಲ್, ಹಿಂದೆ ಸ್ವಿಚ್, ತಲೆಯೊಳಗೆ ಎಲ್‌ಇಡಿ ಮತ್ತು ಅದಕ್ಕೆ ಹೋಗುವ ಕರೆಂಟನ್ನು ಹದದಲ್ಲಿಡುವ ಡ್ರೈವರ್ ಬೋರ್ಡ್. ಹಚ್ಚಿದ ಐದಾರು ನಿಮಿಷಕ್ಕೆ ಮೈ ಬಿಸಿಯಾಗಿ ಫಕ್ಕನೆ ಆರುತ್ತಿತ್ತು. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹತ್ತುತ್ತಿತ್ತು. ಇಂಥ ದೋಷದ ತರಲೆ ಅದೇ. ಬಿಚ್ಚಿ ಮೇಜಿನ ಮೇಲೆ ಇಡುವಷ್ಟರಲ್ಲಿ ಟಾರ್ಚ್ ತಣ್ಣಗಾಗಿರುತ್ತದೆ, ದೋಷವೂ ಅಡಗಿರುತ್ತದೆ.

ಮೊದಲು ನೋಡಬೇಕಾದ್ದು ಅದು ಹೇಗೆ ಆರುತ್ತದೆ ಎಂದು. ಬೆಳಕು ಮೆಲ್ಲಗೆ ಕುಗ್ಗಿ ಒಂದು ಮಟ್ಟದಲ್ಲಿ ನಿಂತರೆ ಅದು ಬಹುಮಟ್ಟಿಗೆ ರೋಗವಲ್ಲ. ಬಿಸಿ ಜಾಸ್ತಿಯಾಯಿತೆಂದು ಡ್ರೈವರ್ ತಾನೇ ಕರೆಂಟ್ ಇಳಿಸುತ್ತಿದೆ. ಒಮ್ಮೆಲೇ ಆರಿ, ಟಾರ್ಚನ್ನು ತಟ್ಟಿದಾಗ ಮಿನುಗಿದರೆ ಎಲ್ಲೋ ಸಂಪರ್ಕ ಬಿಡುತ್ತಿದೆ ಎಂದೇ ಹಿಡಿಯಿರಿ. ನನ್ನದು ಮಿನುಗಿತು.

ಬಿಸಿಗೆ ಸಂಪರ್ಕ ಯಾಕೆ ಬಿಡಬೇಕು? ಲೋಹ ಹಿಗ್ಗುತ್ತದೆ, ಅಲ್ವಾ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ, ಮೀಟರ್ ಉದ್ದಕ್ಕೆ ಸುಮಾರು 23 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಹಿಗ್ಗುತ್ತದೆ. ತಾಮ್ರ ಸುಮಾರು 17. ಹೀಗೆ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿದಾಗ ನಡುವಿನ ಬೆಸುಗೆಗೆ ಎಳೆತ ಬೀಳುತ್ತದೆ. 20 ಮಿಲಿಮೀಟರ್ ಅಗಲದ ತಲೆ 40 ಡಿಗ್ರಿ ಏರಿದರೆ ಹಿಗ್ಗುವುದು ಹದಿನೆಂಟು ಮೈಕ್ರಾನ್, ಒಂದು ಕೂದಲೆಳೆಯ ದಪ್ಪಕ್ಕಿಂತ ಕಡಿಮೆ. ಆದರೆ ಬಿರುಕು ಬಿಟ್ಟ ಬೆಸುಗೆ ಬಾಯಿ ತೆರೆಯಲು ಅಷ್ಟೂ ಬೇಕಿಲ್ಲ.

ನಾನು ಎಡವಿದ್ದು ಮಲ್ಟಿಮೀಟರ್‌ನಲ್ಲಿ. ಸಂಪರ್ಕವಿದ್ದರೆ ಸದ್ದು ಮಾಡುವ ಬೀಪ್ ಪರೀಕ್ಷೆ ಹಾಕಿ ನೋಡಿದೆ, ಎಲ್ಲ ಕಡೆಯೂ ಬೀಪ್ ಬಂತು. ಸರಿ ಇದೆ ಅಂದುಕೊಂಡೆ. ಬೀಪ್ ಪರೀಕ್ಷೆಯಲ್ಲಿ ಮೀಟರ್ ಹರಿಸುವುದು ಮಿಲಿಆಂಪಿಯರ್ ಲೆಕ್ಕದ ಕರೆಂಟ್. ಒಂದು ಓಂ ರೋಧವಿರುವ ಕೆಟ್ಟ ಬೆಸುಗೆಯಲ್ಲಿ 1 ಮಿಲಿಆಂಪಿಯರ್ ಹರಿದರೆ 1 ಮಿಲಿವೋಲ್ಟ್ ಮಾತ್ರ ನಷ್ಟ. ಅದೇ ಬೆಸುಗೆಯಲ್ಲಿ 1 ಆಂಪಿಯರ್ ಹರಿದರೆ 1 ವೋಲ್ಟ್ ನಷ್ಟ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ತುಂಬಿದ ಸೆಲ್‌ನಲ್ಲಿ ಇರುವುದೇ 4.2. ಹಾಗಾಗಿ ಅಳೆಯುವುದಾದರೆ ಟಾರ್ಚ್ ಉರಿಯುತ್ತಿರುವಾಗ, ಬಿಸಿಯಿರುವಾಗಲೇ ವೋಲ್ಟೇಜ್ ಅಳೆಯಬೇಕು.

ಸ್ವಿಚ್‌ನ ಸರದಿ ಮೊದಲು. ಹಿಂದಿನ ಮುಚ್ಚಳ ತೆಗೆದು, ಸೆಲ್‌ನ ಮೈನಸ್ ತುದಿಯಿಂದ ಕೊಳವೆಯ ಅಂಚಿಗೆ ದಪ್ಪ ತಂತಿ ಒತ್ತಿ ಹಿಡಿದೆ. ಅಂಚಿನ ಬೋಳು ಲೋಹಕ್ಕೇ ತಾಗಬೇಕು, ಬಣ್ಣದ ಪದರ ಕರೆಂಟ್ ಬಿಡುವುದಿಲ್ಲ. ಆಗಲೂ ಬಿಸಿಯಾದಾಗ ಆರಿತು. ಅಲ್ಲಿಗೆ ಸ್ವಿಚ್, ಸ್ಪ್ರಿಂಗ್, ಹಿಂದಿನ ಮುಚ್ಚಳದ ತಿರುಪು ಎಲ್ಲ ಪಾರು.

ತಲೆ ಬಿಚ್ಚಿ, ಉರಿಸುತ್ತಲೇ ಎರಡು ಜಾಗ ಅಳೆದೆ. ಬೆಳಕು ಆರಿದಾಗಲೂ ಡ್ರೈವರ್‌ನ ಹೊರದಾರಿಯಲ್ಲಿ ವೋಲ್ಟೇಜ್ ಇತ್ತು, ಎಲ್‌ಇಡಿಯ ಎರಡು ಬೆಸುಗೆಗಳ ನಡುವೆ ಇರಲಿಲ್ಲ. ಡ್ರೈವರ್‌ನಲ್ಲೇ ಇಲ್ಲದಿದ್ದರೆ ಬೋರ್ಡನ್ನು ಅನುಮಾನಿಸಬೇಕಿತ್ತು. ಊದುಬತ್ತಿ ಕಡ್ಡಿಯಿಂದ ಮೈನಸ್ ತಂತಿಯ ಬುಡ ಒತ್ತಿದೆ. ಹತ್ತಿತು! ಭೂತಗನ್ನಡಿಯಲ್ಲಿ ನೋಡಿದರೆ ಬೆಸುಗೆಯ ಸುತ್ತ ಉಂಗುರದಂಥ ಬಿರುಕು.

ಒಂದು ಎಚ್ಚರಿಕೆ: ಬಿಸಿಯ ಪರೀಕ್ಷೆಗೆ ಹೇರ್ ಡ್ರೈಯರ್ ಹಿಡಿಯುವವರು ಸೆಲ್ ಹೊರತೆಗೆದೇ ಹಿಡಿಯಬೇಕು. ಲಿಥಿಯಂ ಸೆಲ್ ಕಾಯಿಸುವ ವಸ್ತುವಲ್ಲ.

ಮತ್ತೆ ಬೆಸುಗೆ ಹಾಕುವಾಗ ನನ್ನ ಚಿಕ್ಕ ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ಸೋತಿತು. ಎಲ್‌ಇಡಿ ಕೂತಿರುವ ಅಲ್ಯೂಮಿನಿಯಂ ತಟ್ಟೆ ಕಾವನ್ನೆಲ್ಲ ಹೀರುತ್ತದೆ, ಬೆಸುಗೆ ಕರಗಿದಂತೆ ಕಂಡರೂ ಕೂರುವುದಿಲ್ಲ. ಮೊದಲ ಬೆಸುಗೆ ಬಿಟ್ಟದ್ದೂ ಪ್ರಾಯಶಃ ಇದರಿಂದಲೇ. ತಟ್ಟೆಯನ್ನು ಟಾರ್ಚ್‌ನಿಂದ ಬಿಡಿಸಿ, ಅಗಲ ತುದಿಯ ಕಡ್ಡಿಯಿಂದ ಹಾಕಿದ ಮೇಲೆ ಕೂತಿತು. ತಟ್ಟೆಯ ಅಡಿಗೆ, ಕಾವನ್ನು ಟಾರ್ಚ್‌ನ ಮೈಗೆ ದಾಟಿಸುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಸವರಿ ಜೋಡಿಸಿದೆ. ಈಗ ಏಳೆಂಟು ನಿಮಿಷಕ್ಕೆ ಬೆಳಕು ಮೆಲ್ಲಗೆ ಒಂದು ಮೆಟ್ಟಿಲು ಇಳಿಯುತ್ತದೆ, ಆರುವುದಿಲ್ಲ. ಆ ಇಳಿತ ಡ್ರೈವರ್‌ನದ್ದು, ಅದನ್ನು ಹಾಗೇ ಬಿಟ್ಟಿದ್ದೇನೆ.