ತುಂಟತನ ಎಲ್ಲಿ ಮುಗಿಯುತ್ತದೆ? ಕಂಡಕ್ಟ್ ಡಿಸಾರ್ಡರ್ ಪತ್ತೆಯ ಹಿನ್ನೆಲೆ

ಬೇರೆಯವರ ಹಕ್ಕನ್ನೋ ಸಮಾಜದ ಕಟ್ಟಳೆಯನ್ನೋ ಮಗು ಮತ್ತೆ ಮತ್ತೆ ಮುರಿಯುವ ನಡತೆಯ ತೊಂದರೆಗೆ ಕಂಡಕ್ಟ್ ಡಿಸಾರ್ಡರ್ ಎನ್ನುತ್ತಾರೆ. ಇದನ್ನು ಪತ್ತೆ ಹಚ್ಚಲು ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಕೂಡ ಇಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5ರಲ್ಲಿ ಇರುವುದು 15 ವರ್ತನೆಗಳ ಪಟ್ಟಿ. ಜನರಿಗೆ, ಪ್ರಾಣಿಗಳಿಗೆ ಹಿಂಸೆ ಕೊಡುವುದು, ಬೇಕಂತಲೇ ಬೆಂಕಿ ಹಚ್ಚುವುದು, ಆಸ್ತಿ ಹಾಳು ಮಾಡುವುದು, ಕದಿಯುವುದು, ಮೋಸ ಮಾಡುವುದು, ಮನೆ ಬಿಟ್ಟು ಓಡಿಹೋಗುವುದು, ಹೀಗೆ. ಕಳೆದ 12 ತಿಂಗಳಲ್ಲಿ ಇವುಗಳಲ್ಲಿ ಮೂರಾದರೂ ಕಂಡಿರಬೇಕು, ಒಂದಾದರೂ ಕಳೆದ 6 ತಿಂಗಳಲ್ಲಿ ನಡೆದಿರಬೇಕು. ಅದರಿಂದ ಓದೋ, ಮನೆಯೋ, ಗೆಳೆತನವೋ ನಿಜವಾಗಿ ಕೆಟ್ಟಿರಬೇಕು.

ಮೂರೇ ಯಾಕೆ? ಎರಡಾದರೆ ತುಂಟ, ಮೂರಾದರೆ ರೋಗಿ ಅಂತಾನಾ? ಈ ಲೆಕ್ಕ ಶುರುವಾಗಿದ್ದು ತೀರಾ ಇತ್ತೀಚೆಗೆ. ಅದಕ್ಕೂ ಮೊದಲು ವೈದ್ಯರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ ಇತ್ತು.

1835ರಲ್ಲಿ ಇಂಗ್ಲೆಂಡಿನ ವೈದ್ಯ ಜೇಮ್ಸ್ ಪ್ರಿಚರ್ಡ್ 'ನೈತಿಕ ಹುಚ್ಚು' ಎಂಬ ಮಾತನ್ನು ಬಳಕೆಗೆ ತಂದರು. ಬುದ್ಧಿ ನೆಟ್ಟಗಿದೆ, ಆದರೆ ಭಾವನೆ ಮತ್ತು ನಡತೆ ಹಳಿ ತಪ್ಪಿವೆ ಎಂಬ ಅರ್ಥದಲ್ಲಿ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತಮ್ಮ ಉಪನ್ಯಾಸಗಳಲ್ಲಿ ಇದೇ ವಿಚಾರವನ್ನು ಮಕ್ಕಳಲ್ಲಿ ಹುಡುಕಿದರು. ಶಿಕ್ಷೆಗೆ ಬಗ್ಗದ, ಸಿಟ್ಟು, ಕಳ್ಳತನ, ಸುಳ್ಳು ಬಿಡದ ಮಕ್ಕಳಲ್ಲಿ ನೈತಿಕ ಹಿಡಿತವೇ ಕಮ್ಮಿ ಅಂದರು. ತಮಾಷೆ ಅಂದರೆ, ಇಂದು ಎಡಿಎಚ್‌ಡಿಯ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇತಿಹಾಸ ಬರೆಯುವವರೂ ಇದೇ ಉಪನ್ಯಾಸಗಳಿಂದ ಶುರು ಮಾಡುತ್ತಾರೆ. ಆಗ ಎರಡೂ ಒಂದೇ ಮೂಟೆಯಲ್ಲಿದ್ದವು.

ಅಷ್ಟರಲ್ಲಿ ಕೋರ್ಟುಗಳೂ ಈ ಕಥೆಯೊಳಗೆ ಬಂದಿದ್ದವು. 1899ರಲ್ಲಿ ಶಿಕಾಗೋದಲ್ಲಿ ಮಕ್ಕಳಿಗೇ ಪ್ರತ್ಯೇಕ ನ್ಯಾಯಾಲಯ ಆಯಿತು. ಹತ್ತು ವರ್ಷದ ನಂತರ ಅದರ ಜೊತೆಗೇ ವಿಲಿಯಂ ಹೀಲಿ ಎಂಬ ವೈದ್ಯರು ಒಂದು ಕ್ಲಿನಿಕ್ ನಡೆಸತೊಡಗಿದರು. 'ಏನು ಮಾಡಿದ' ಎನ್ನುವುದರ ಜೊತೆಗೆ 'ಯಾಕೆ ಮಾಡಿದ' ಎಂಬ ಪ್ರಶ್ನೆಯೂ ಬಂತು.

ಈ 'ಯಾಕೆ'ಯ ಬೆನ್ನು ಹತ್ತಿದವರಲ್ಲಿ ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಒಬ್ಬರು. ಲಂಡನ್ನಿನ ಕ್ಲಿನಿಕ್ ಒಂದಕ್ಕೆ ಬಂದಿದ್ದ, ಕದಿಯುವ ಅಭ್ಯಾಸವಿದ್ದ 44 ಮಕ್ಕಳ ಬಗ್ಗೆ ಅವರು 1944ರಲ್ಲಿ ಬರೆದರು. ಅವರಲ್ಲಿ 14 ಮಕ್ಕಳಿಗೆ ಯಾರ ಮೇಲೂ ಅಕ್ಕರೆಯೇ ಇರಲಿಲ್ಲ. ಆ 14ರಲ್ಲಿ 12 ಮಕ್ಕಳು ಎಳೆತನದಲ್ಲಿ ತುಂಬ ಕಾಲ ತಾಯಿಯಿಂದ ದೂರ ಇದ್ದವರು. ಬೌಲ್ಬಿಯ ಲೆಕ್ಕಾಚಾರದಲ್ಲಿ ದೋಷಗಳಿವೆ ಅಂತ ಆಮೇಲೆ ಟೀಕೆ ಬಂತು, ಅದು ಸರಿಯೇ. ಆದರೆ ಅಕ್ಕರೆ ಇಲ್ಲದ ಆ ಮಕ್ಕಳನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತಾರೆ.

1968ರ ಡಿಎಸ್‌ಎಂ-2ರಲ್ಲಿ ಮೂರು ಬಗೆಯ ಮಕ್ಕಳಿದ್ದರು: ಮನೆ ಬಿಟ್ಟು ಓಡುವವರು, ಒಂಟಿಯಾಗಿ ಜಗಳಕ್ಕೆ ನಿಲ್ಲುವವರು, ಗುಂಪು ಕಟ್ಟಿಕೊಂಡು ತಪ್ಪು ಮಾಡುವವರು. ಕೇಳಲು ಚೆನ್ನಾಗಿದೆ. ಆದರೆ ಯಾವ ಮಗು ಯಾವ ಗುಂಪಿಗೆ ಅನ್ನುವುದು ವೈದ್ಯರ ಅಂದಾಜಿಗೆ ಬಿಟ್ಟದ್ದು.

ದಿಕ್ಕು ಬದಲಿಸಿದ್ದು ಸಮಾಜಶಾಸ್ತ್ರಜ್ಞೆ ಲೀ ರಾಬಿನ್ಸ್ ಅಂತ ನನ್ನ ಅನಿಸಿಕೆ. ಅಮೆರಿಕದ ಸೇಂಟ್ ಲೂಯಿಸ್‌ನ ಕ್ಲಿನಿಕ್ಕಿಗೆ ಒಂದು ಕಾಲದಲ್ಲಿ ಬಂದಿದ್ದ 524 ಮಕ್ಕಳನ್ನು ಅವರು ಸುಮಾರು 30 ವರ್ಷದ ನಂತರ ಹುಡುಕಿ ಮಾತಾಡಿಸಿದರು. 1966ರಲ್ಲಿ ಫಲಿತಾಂಶ ಹೊರಬಂತು. ಸಮಾಜದ ಕಟ್ಟಳೆ ಮುರಿಯುತ್ತಲೇ ಬದುಕುವ ದೊಡ್ಡವರು ಹೆಚ್ಚು ಕಮ್ಮಿ ಎಲ್ಲರೂ ಚಿಕ್ಕಂದಿನಲ್ಲೂ ಹಾಗೇ ಇದ್ದರು. ಆದರೆ ಹಾಗಿದ್ದ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡವರಾದ ಮೇಲೆ ಹಾಗೆ ಉಳಿಯಲಿಲ್ಲ! ಯಾರು ಉಳಿಯುತ್ತಾರೆ ಎನ್ನುವುದಕ್ಕೆ ಸಿಕ್ಕ ಒಳ್ಳೆಯ ಸುಳಿವು, ಎಷ್ಟು ಬಗೆಯ ತಪ್ಪು ಎಷ್ಟು ಸಲ ಆಗಿತ್ತು ಎಂಬ ಎಣಿಕೆ.

ಎಣಿಕೆ ಅಲ್ಲಿಂದ ಬಲವಾಯಿತು. 1980ರ ಡಿಎಸ್‌ಎಂ-3 ಕಂಡಕ್ಟ್ ಡಿಸಾರ್ಡರ್ ಎಂಬ ಹೆಸರನ್ನು ಗಟ್ಟಿ ಮಾಡಿತು. 1987ರಲ್ಲಿ 13 ವರ್ತನೆಗಳ ಪಟ್ಟಿ ಬಂತು, ಮೂರು ಸಾಕು ಅಂದಿತು. 1994ರಲ್ಲಿ ಪಟ್ಟಿ 15ಕ್ಕೆ ಏರಿತು. ಹದಿಹರೆಯದ ಮಾಮೂಲಿ ಹಾರಾಟಕ್ಕೆಲ್ಲ ಹೆಸರು ಅಂಟಬಾರದಲ್ವಾ? ಅದಕ್ಕೇ ಶಾಲೆಗೆ ಚಕ್ಕರ್ ಹೊಡೆಯುವುದು, ಬೇಡವೆಂದರೂ ರಾತ್ರಿ ಹೊರಗುಳಿಯುವುದು 13 ತುಂಬುವ ಮೊದಲೇ ಶುರುವಾಗಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಅದೇ ಆವೃತ್ತಿ ವಯಸ್ಸಿನ ಗೆರೆಯನ್ನೂ ಎಳೆಯಿತು. ಒಂದು ಲಕ್ಷಣವಾದರೂ 10 ವರ್ಷಕ್ಕೆ ಮೊದಲು ಕಂಡಿದ್ದರೆ ಒಂದು ಬಗೆ, ಇಲ್ಲದಿದ್ದರೆ ಇನ್ನೊಂದು. 1993ರಲ್ಲಿ ಮನಶ್ಶಾಸ್ತ್ರಜ್ಞೆ ಟೆರಿ ಮಾಫಿಟ್ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ ಬೆಳೆಯುತ್ತಿದ್ದ ಮಕ್ಕಳನ್ನು ನೋಡಿ ಇಂಥದ್ದೇ ಮಾತು ಹೇಳಿದ್ದರು: ಕೆಲವರದು ಎಳವೆಯಿಂದ ಜೀವಮಾನದುದ್ದಕ್ಕೂ ಬರುವ ದಾರಿ, ಜಾಸ್ತಿ ಜನರದು ಹದಿಹರೆಯದ ಜೊತೆಗೇ ಮುಗಿಯುವ ದಾರಿ.

ಎಣಿಕೆಯಿಂದ ಒಂದು ಲಾಭವಿದೆ: ಇಬ್ಬರು ವೈದ್ಯರು ಒಂದೇ ಮಗುವನ್ನು ನೋಡಿ ಒಂದೇ ಉತ್ತರಕ್ಕೆ ಬರುವ ಸಾಧ್ಯತೆ ಹೆಚ್ಚು. ಆದರೆ ಪಟ್ಟಿ ಕುರುಡು ಕೂಡ. ಕದ್ದು, ಸುಳ್ಳು ಹೇಳಿ, ಓಡಿಹೋದ ಹುಡುಗನಿಗೂ, ಆಯುಧ ಹಿಡಿದು, ಪ್ರಾಣಿ ಹಿಂಸಿಸಿ, ಬೆಂಕಿ ಹಚ್ಚಿದ ಹುಡುಗನಿಗೂ ಒಂದೇ ಹೆಸರು. ತೀವ್ರತೆ ಎಷ್ಟು ಅಂತ ಪಕ್ಕದಲ್ಲಿ ಬರೆಯಬಹುದು, ಅಷ್ಟೇ.

ಬಹುಶಃ ಈ ಕೊರತೆಗೇ 2013ರ ಡಿಎಸ್‌ಎಂ-5ರಲ್ಲಿ ಮಗುವಿನ ಭಾವನೆಯ ಕುರಿತ ಹಳೇ ಪ್ರಶ್ನೆ ಮರಳಿ ಬಂತು. ತಪ್ಪಿಗೆ ಪಶ್ಚಾತ್ತಾಪ ಇಲ್ಲ, ಬೇರೆಯವರ ನೋವು ತಟ್ಟುವುದಿಲ್ಲ, ಓದಿನಲ್ಲಿ ಹಿಂದೆ ಬಿದ್ದರೂ ಚಿಂತೆ ಇಲ್ಲ, ಭಾವನೆ ಮೇಲ್ಮೇಲೆ ಮಾತ್ರ. ಈ ನಾಲ್ಕರಲ್ಲಿ ಎರಡು 12 ತಿಂಗಳ ಕಾಲ, ಹಲವು ಸಂಬಂಧಗಳಲ್ಲಿ ಕಂಡರೆ ಡಿಎಸ್‌ಎಂ-5 ಅದನ್ನು ಪ್ರತ್ಯೇಕವಾಗಿ ಗುರುತಿಸಲು ಹೇಳುತ್ತದೆ. ಬೌಲ್ಬಿಯ ಆ 14 ಮಕ್ಕಳನ್ನು ನೆನಪಿಸುವ ವಿವರಣೆ ಇದು. ಈ ಬಗೆಯ ಮಕ್ಕಳ ಸಂಖ್ಯೆ ಕಡಿಮೆ, ಅವರ ತೊಂದರೆ ಮಾತ್ರ ಹೆಚ್ಚು ಕಾಲ ಉಳಿಯುವಂಥದ್ದು.

ಇದನ್ನೆಲ್ಲ ಮಗುವನ್ನು ಒಮ್ಮೆ ಮಾತಾಡಿಸಿ ತಿಳಿಯಲು ಆಗುವುದಿಲ್ಲ. ಕದ್ದದ್ದನ್ನು ಮಗು ಮುಚ್ಚಿಡುತ್ತದೆ. ಅಪ್ಪ ಅಮ್ಮನಿಗೆ ಎಷ್ಟೋ ಗೊತ್ತಿರುವುದಿಲ್ಲ. ಮೇಷ್ಟ್ರಿಗೆ ಕಾಣುವುದು ತರಗತಿಯಷ್ಟೇ. ಹಾಗಾಗಿ ಮೂರೂ ಕಡೆ ವಿಚಾರಿಸಬೇಕು. ಜೊತೆಗೆ ಎಡಿಎಚ್‌ಡಿ, ಖಿನ್ನತೆ, ಕಲಿಕೆಯ ತೊಂದರೆ, ಮಗುವಿನ ಮೇಲೇ ನಡೆದಿರುವ ಹಿಂಸೆ, ಎಲ್ಲವನ್ನೂ ನೋಡಬೇಕು. ಯುದ್ಧದ ಊರಿನಲ್ಲಿ ಬದುಕಲು ಚಾಕು ಹಿಡಿದ ಹುಡುಗನಿಗೆ ಸುಮ್ನೆ ಈ ಹೆಸರು ಕೊಡಬಾರದು ಎಂಬ ಎಚ್ಚರ 1994ರ ಕೈಪಿಡಿಯಲ್ಲೇ ಇತ್ತು. ಮನೆಯಲ್ಲಿ ಹೊಡೆತ ತಾಳದೆ ಓಡಿದ ಮಗುವಿನ ಓಟವನ್ನೂ ಲಕ್ಷಣ ಅಂತ ಎಣಿಸುವ ಹಾಗಿಲ್ಲ.

ಹೆಸರು ಒಮ್ಮೆ ಕಡತಕ್ಕೆ ಸೇರಿತೆಂದರೆ ಅದರ ನೆರಳು ಉದ್ದ. ಕಟ್ಟಳೆ ಮುರಿಯುತ್ತಲೇ ಬದುಕುವ ದೊಡ್ಡವರಿಗೆ ಕೊಡುವ ಆ್ಯಂಟಿಸೋಷಿಯಲ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಹಣೆಪಟ್ಟಿಯನ್ನು 18 ತುಂಬುವ ಮೊದಲು ಯಾರಿಗೂ ಕೊಡುವಂತಿಲ್ಲ. ತುಂಬಿದ ಮೇಲೆ ಕೊಡಬೇಕಾದರೂ 15ಕ್ಕೆ ಮೊದಲೇ ಕಂಡಕ್ಟ್ ಡಿಸಾರ್ಡರ್ ಇತ್ತು ಎಂಬುದಕ್ಕೆ ಪುರಾವೆ ಬೇಕು. ಆಗ ವೈದ್ಯರು ಮತ್ತೆ ಹಳೇ ಶಾಲೆಯ ದಾಖಲೆ ತೆಗೆಸುತ್ತಾರೆ, ತಾಯಿಯನ್ನು ಕೂರಿಸಿಕೊಂಡು ಕೇಳುತ್ತಾರೆ: ಚಿಕ್ಕವನಿದ್ದಾಗ ಹೇಗಿದ್ದ?