ಹೇಗಿದೆ ಅಂತ ಕೇಳಬೇಡಿ, ಮಾಡೋದನ್ನ ನೋಡಿ

ಆ್ಯಪ್ ಮಾಡಿಸಿದವರು ನನ್ನ ಹತ್ತಿರ ಬಂದಾಗ ಹೇಳುವ ಮೊದಲ ಮಾತು ಒಂದೇ. "ಸದಸ್ಯರನ್ನೆಲ್ಲ ಕೇಳಿದ್ದೇವೆ. ಎಲ್ಲರೂ ಚೆನ್ನಾಗಿದೆ ಅಂದಿದ್ದಾರೆ. ಆದರೂ ಯಾರೂ ಬಳಸ್ತಾ ಇಲ್ಲ." ಶಿರಸಿಯ ಸಹಕಾರಿ ಸಂಘವಿರಲಿ, ಕಾರವಾರದ ಬೋಟಿನವರಿರಲಿ, ಹೋಂಸ್ಟೇ ನಡೆಸುವವರಿರಲಿ, ಮಾತು ಬದಲಾಗುವುದಿಲ್ಲ. ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಈ ಸಲ ಬೇರೆಲ್ಲ ಬಿಟ್ಟು ಇದೊಂದನ್ನೇ ಬರೆಯುತ್ತೇನೆ.

ನಮ್ಮ ಕಡೆಯವರನ್ನು ಹೇಗಿದೆ ಅಂತ ಕೇಳಿದರೆ "ಚೊಲೋ ಇದ್ದು" ಅಂತಲೇ ಹೇಳುತ್ತಾರೆ. ಊಟಕ್ಕೆ ಕರೆದವರ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಯಾರಾದರೂ ಹೇಳುತ್ತಾರಾ? ಕೇಳುವವರು ಸಂಘದ ಕಾರ್ಯದರ್ಶಿಯೇ ಆಗಿಬಿಟ್ಟರಂತೂ ನಿಜ ಹೊರಗೆ ಬರುವುದೇ ಇಲ್ಲ. ನಾಳೆ ಸಾಲಕ್ಕೆ ಅವರ ಹತ್ತಿರವೇ ಹೋಗಬೇಕು. ಆ್ಯಪಿನ ಸಲುವಾಗಿ ಯಾರು ನಿಷ್ಠುರ ಕಟ್ಟಿಕೊಳ್ಳುತ್ತಾರೆ?

ಶಿರಸಿ ಹತ್ತಿರದ ಒಂದು ಸಂಘದಲ್ಲಿ ನಡೆದದ್ದು ಹೇಳುತ್ತೇನೆ. ಮಾರಾಟಕ್ಕೆ ತರುವ ಅಡಿಕೆಯ ವಿವರವನ್ನು ಮನೆಯಿಂದಲೇ ತಿಳಿಸುವ ಫಾರ್ಮ್ ಅದು. ವಯಸ್ಸಾದ ಬೆಳೆಗಾರರೊಬ್ಬರು ಜಗಲಿಯಲ್ಲಿ ಕೂತು ತಮ್ಮದೇ ಫೋನ್ ಹಿಡಿದಿದ್ದರು. ಅಡಿಕೆ ಸುಲಿದು ಬೆರಳ ತುದಿಯೆಲ್ಲ ಕಪ್ಪಾಗಿತ್ತು. ಸದಸ್ಯ ಸಂಖ್ಯೆ ಸರಿಯಾಗಿ ಹಾಕಿದರು. ಆಮೇಲೆ ಅಡಿಕೆಯ ಬಗೆ. ಪಟ್ಟಿಯನ್ನು ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಜೋಡಿಸಿದ್ದರು. ಬೆಟ್ಟೆ, ಬಿಳೆಗೋಟು ದಾಟಿ ಚಾಲಿ ಸಿಗಬೇಕು, ರಾಶಿ ಎಲ್ಲೋ ಕೆಳಗೆ. ಹುಡುಕಿ ಚಾಲಿ ಒತ್ತಿದರು. ಚೀಲದ ಲೆಕ್ಕ ಹಾಕಲು ಹೋದಾಗ ಅಂಕಿಗಳ ಕೀಬೋರ್ಡ್ ಮೇಲೆದ್ದು ಬಂತು. 'ಸಲ್ಲಿಸಿ' ಅನ್ನುವ ಬಟನ್ ಅದರ ಅಡಿಗೆ ಹೋಯಿತು.

ಅವರು ಸ್ವಲ್ಪ ಹೊತ್ತು ಕಾದರು. ಕನ್ನಡಕ ಸರಿಮಾಡಿಕೊಂಡು ಮೇಲೆ ಕೆಳಗೆ ನೋಡಿದರು. ಕೊನೆಗೆ ಫೋನಿನ ಹಿಂದೆ ಹೋಗುವ ಗುರುತನ್ನು ಎರಡು ಸಲ ಒತ್ತಿದರು. ಫಾರ್ಮ್ ಮುಚ್ಚಿತು, ತುಂಬಿದ್ದೆಲ್ಲ ಹೋಯಿತು. ಮತ್ತೆ ಮೊದಲಿಂದ ತುಂಬಿದರು. ಮತ್ತೆ ಹಾಗೇ ಆಯಿತು. ಅಷ್ಟರಲ್ಲಿ ಕಾರ್ಯದರ್ಶಿಗಳಿಗೆ ತಡೆಯಲಾಗಲಿಲ್ಲ. "ಅಲ್ಲಲ್ಲ ಹೆಗಡೇರೇ, ಕೆಳಗೆ ಎಳೀರಿ" ಅಂತ ಕೈ ಚಾಚಿದರು. ನಾನು ತಡೆದೆ.

ಎಲ್ಲ ಮುಗಿದ ಮೇಲೆ ಕಾರ್ಯದರ್ಶಿಗಳೇ ಕೇಳಿದರು, ಹೇಗಿದೆ ಅಂತ. ಉತ್ತರ ಬಂತು: "ಆ್ಯಪ್ ಚೊಲೋ ಇದ್ದು. ಎಂಗೇ ಗೊತ್ತಾಗ್ತಿಲ್ಲೆ." ನನಗೇ ಗೊತ್ತಾಗ್ತಿಲ್ಲ ಅಂತ.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಡಿಕೆ ಕೈಯಲ್ಲಿ ಹಿಡಿದರೆ ಸಾಕು, ಅದರ ಗುಣ ಹೇಳುವ ಮನುಷ್ಯ ತನಗೇ ಬುದ್ಧಿ ಸಾಲದು ಅಂದುಕೊಂಡು ಮನೆಗೆ ಹೋಗುತ್ತಾರೆ. ತಪ್ಪು ಫಾರ್ಮಿನದು, ಅವರದಲ್ಲ. ಅವರ ಬಾಯಿಂದ ಬಂದದ್ದನ್ನು ಮಾತ್ರ ಬರೆದುಕೊಂಡಿದ್ದರೆ ಆ ದಿನದ ವರದಿಯಲ್ಲಿ 'ಚೆನ್ನಾಗಿದೆ' ಅಂತಲೇ ಇರುತ್ತಿತ್ತು. ಕೈ ಏನು ಮಾಡಿತು ಅಂತ ನೋಡಿದ್ದರಿಂದ ಗೊತ್ತಾಯಿತು.

ಹಾಗಾಗಿ ಇಷ್ಟು ಮಾಡಿ. ಬಳಸುವವರಿಗೆ ಒಂದು ಕೆಲಸ ಕೊಡಿ. "ನಾಳೆ 3 ಚೀಲ ಚಾಲಿ ತರೋದಿದೆ ಅಂದುಕೊಳ್ಳಿ, ಸಂಘಕ್ಕೆ ತಿಳಿಸಿ ನೋಡುವಾ" ಅಂದರೆ ಸಾಕು. 'ಸಲ್ಲಿಸಿ ಒತ್ತಿ' ಅಂದುಬಿಟ್ಟರೆ ನೀವೇ ಉತ್ತರ ಹೇಳಿಕೊಟ್ಟ ಹಾಗೆ. ಫೋನ್ ಅವರದೇ ಇರಲಿ. ನಿಮ್ಮ ಫೋನಿನಲ್ಲಿ ಅಕ್ಷರ ಸಣ್ಣ, ಪರದೆ ದೊಡ್ಡದು. ಅವರದರಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿರುತ್ತಾರೆ, ಗಾಜು ಒಡೆದಿರುತ್ತದೆ. ತೊಡಕು ಹೆಚ್ಚಾಗಿ ಕಾಣುವುದು ಅಲ್ಲೇ. ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ ಅನ್ನಿ. "ಈಗೇನು ಮಾಡಲಿ?" ಅಂತ ಕೇಳಿದರೆ, "ನಾನು ಇಲ್ಲಿ ಇಲ್ಲದಿದ್ರೆ ಏನು ಮಾಡ್ತಿದ್ರಿ?" ಅಂತ ಕೇಳಿ. ಮತ್ತೆ ಸುಮ್ನೆ ಕೂರಿ. ಸುಮ್ನೆ ಕೂರುವುದೇ ಕಷ್ಟ ಅಂತ ನನಗೂ ಗೊತ್ತು. ಎದುರಿಗೆ ಒಬ್ಬರು ಒದ್ದಾಡುವಾಗ ಕೈ ತಾನಾಗಿ ಮುಂದೆ ಹೋಗುತ್ತದೆ. ಆದರೆ ಮನೆಯಲ್ಲಿ ಅವರ ಪಕ್ಕ ನೀವು ಇರುವುದಿಲ್ಲ ಅಲ್ವಾ?

ಎಷ್ಟು ಜನ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಇಂಥ ಪರೀಕ್ಷೆಗಳನ್ನು ಅಧ್ಯಯನ ಮಾಡಿದ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಇದರ ಲೆಕ್ಕ ಹಾಕಿದರು. ಅವರು ನೋಡಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರ ಸರಾಸರಿ ಶೇ. 31ರಷ್ಟು ತೊಡಕುಗಳನ್ನು ತೋರಿಸಿಕೊಡುತ್ತಿದ್ದ. ಆ ಲೆಕ್ಕದಲ್ಲಿ ಐದು ಜನರಿಗೆ ಸುಮಾರು ಶೇ. 85 ಹೊರಬರುತ್ತದೆ. ಇದು ಸರಾಸರಿ, ಖಾತ್ರಿಯಲ್ಲ. ಬೆಳೆಗಾರರು, ಗುಮಾಸ್ತರು ಇಬ್ಬರೂ ಬಳಸುವುದಾದರೆ ಎರಡೂ ಕಡೆಯವರನ್ನು ಬೇರೆ ಬೇರೆ ನೋಡಬೇಕು. ಹಣ ವರ್ಗಾವಣೆಯ ಆ್ಯಪ್ ಆದರೆ ಐದೇ ಜನರನ್ನು ನಂಬಿ ನಿಲ್ಲಬೇಡಿ. ಆದರೆ ಒಬ್ಬರನ್ನೂ ನೋಡದೆ 300 ಜನರಿಗೆ ಗೂಗಲ್ ಫಾರ್ಮ್ ಕಳಿಸುವುದಕ್ಕಿಂತ ಐದು ಜನರ ಪಕ್ಕ ಕೂರುವುದು ಎಷ್ಟೋ ಮೇಲು.

ಇನ್ನು ಡಿಸೈನ್ ಸಮ್ಮೇಳನಗಳ ವಿಷಯ. ಬೆಂಗಳೂರಿನಲ್ಲಿ ಡಿಸೈನ್ ಸಮ್ಮೇಳನ ಮುಗಿದ ವಾರ ನನಗೆ ಫೋನ್ ಜಾಸ್ತಿ ಬರುತ್ತವೆ. ಚಾಟ್‌ಬಾಟ್ ಬೇಕು, ಮಾತಿನಲ್ಲೇ ನಡೆಯುವ ಆ್ಯಪ್ ಬೇಕು, ಹೊಸ ಬಣ್ಣ ಬೇಕು. ಸಮ್ಮೇಳನಗಳ ಮೇಲೆ ನನಗೆ ನಿಜವಾದ ಪ್ರೀತಿಯಿದೆ. ಮನುಷ್ಯ ಮತ್ತು ಕಂಪ್ಯೂಟರ್ ನಡುವಿನ ವ್ಯವಹಾರಕ್ಕೆಂದೇ 1982ರಲ್ಲಿ ಅಮೆರಿಕದ ಗೇಥರ್ಸ್‌ಬರ್ಗ್‌ನಲ್ಲಿ ಸೇರಿದ ಸಭೆಯಿಂದ ಸಿಎಚ್‌ಐ ಸಮ್ಮೇಳನ ಬೆಳೆಯಿತು. ಬಳಸುವವರು ಆ್ಯಪಿನ ಜೊತೆ ಹೇಗೆ ವ್ಯವಹರಿಸಬೇಕು ಅಂತ ರೂಪಿಸುವ ಇಂಟರಾಕ್ಷನ್ ಡಿಸೈನ್‌ನವರ ಐಎಕ್ಸ್‌ಡಿಎ ಸಂಸ್ಥೆ 2008ರಲ್ಲಿ ಅಮೆರಿಕದ ಸವಾನಾದಲ್ಲಿ ತನ್ನ ಮೊದಲ ಸಮ್ಮೇಳನ ಮಾಡಿತು. 2024ರಲ್ಲಿ ಆ ಸಂಸ್ಥೆ ಬಾಗಿಲು ಹಾಕಿದಾಗ ನನಗೆ ಬಹಳ ಬೇಸರವಾಯಿತು. ಇಂಥ ಕಡೆ ನನಗೆ ಹೆಚ್ಚು ಪ್ರಯೋಜನಕ್ಕೆ ಬಂದ ಭಾಷಣಗಳೆಲ್ಲ ಯಾರೋ ಒಬ್ಬರು ಬಳಸುವವರ ಪಕ್ಕ ಕೂತು ನೋಡಿದ್ದರಿಂದ ಹುಟ್ಟಿದವು. ಅಲ್ಲಿ ತೋರಿಸುವ ಪರದೆಯ ಚಿತ್ರ ತರುವುದು ಸುಲಭ. ಅವರು ಹೇಗೆ ನೋಡಿದರು ಅನ್ನೋದನ್ನು ಕಲಿತು ಬನ್ನಿ ಅಂತ ನನ್ನ ಬೇಡಿಕೆ.

ಕಾರವಾರದ ಬೈತಖೋಲ್ ಬಂದರಿನಲ್ಲಿ ನಿಂತರೆ ಬೇರೆಯದೇ ಪಾಠ. ಎಸಿ ಕೋಣೆಯಲ್ಲಿ ಸೊಗಸಾಗಿ ಕಂಡ ತೆಳು ಬೂದು ಅಕ್ಷರ ಅಲ್ಲಿನ ಬಿಸಿಲಿಗೆ ಕಾಣುವುದೇ ಇಲ್ಲ. ಬೋಟಿನವರು ಫೋನನ್ನು ಅಂಗಿಯ ನೆರಳಿಗೆ ಹಿಡಿದು ಓದುತ್ತಾರೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು ಅಂತ, ವೆಬ್ ಎಲ್ಲರಿಗೂ ಬಳಸಲು ಬರುವಂತಿರಲಿ ಅಂತ ಮಾಡಿದ ಡಬ್ಲ್ಯುಸಿಎಜಿ ನಿಯಮ ಹೇಳುತ್ತದೆ. ಬಂದರಿನಲ್ಲಿ ಅದೂ ಸಾಲದೆ ಹೋಗಬಹುದು. ಒದ್ದೆ ಬೆರಳಿಗೆ ಪರದೆ ಸರಿಯಾಗಿ ಓಗೊಡುವುದಿಲ್ಲ. 'ರದ್ದು' ಮತ್ತು 'ಸರಿ' ಬಟನ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ತಪ್ಪು ಬಟನ್ ಒತ್ತಿಹೋಗುತ್ತದೆ.

ಶಿರಸಿಯ ಆ ಸಂಘದವರು ಬಣ್ಣ ಮುಟ್ಟಲಿಲ್ಲ. ಕೀಬೋರ್ಡ್ ಎದ್ದಾಗ ಬಟನ್ ಕೂಡ ಅದರ ಮೇಲಕ್ಕೆ ಬರುವ ಹಾಗೆ ಮಾಡಿದರು. ಚಾಲಿ, ರಾಶಿ ಪಟ್ಟಿಯ ತಲೆಗೆ ಬಂದವು. ಹಿಂದೆ ಹೋದರೂ ತುಂಬಿದ್ದು ಉಳಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ಜೊತೆ ಟವರೂ ಹೋಗುವ ನಮ್ಮ ಊರುಗಳಿಗೆ ಈ ಕೊನೆಯದು ತೀರಾ ಅಗತ್ಯ. ಆಮೇಲೆ ಬೇರೆ ಬೆಳೆಗಾರರನ್ನು ಕೂರಿಸಿ ಮತ್ತೆ ನೋಡಿದೆವು. ಚೀಲದ ಬದಲು ಕ್ವಿಂಟಲ್ ಲೆಕ್ಕ ಹಾಕುವವರು ಸಿಕ್ಕರು. ಅದೀಗ ಮುಂದಿನ ಕೆಲಸ.

ನೀವೂ ಮಾಡುವುದಾದರೆ ಅಡಿಕೆ ಕೊಯ್ಲಿಗೆ ಮೊದಲೇ ಮಾಡಿ. ಕೊಯ್ಲು ಶುರುವಾದ ಮೇಲೆ ಅರ್ಧ ಗಂಟೆ ಕೂರಲು ಯಾರಿಗೂ ಪುರುಸೊತ್ತಿಲ್ಲ. ಬಂದವರಿಗೆ ಬಸ್ ಖರ್ಚು ಕೊಡಿ. ಪರೀಕ್ಷೆ ಅವರದಲ್ಲ, ಆ್ಯಪಿನದು ಅಂತ ಮೊದಲೇ ಹೇಳಿ. ಆ್ಯಪ್ ಬರೆದ ಹುಡುಗನನ್ನು ತಪ್ಪದೆ ಜೊತೆಗೆ ಕೂರಿಸಿ. ಕಾರ್ಯದರ್ಶಿಗಳು ಮಾತ್ರ ಆ ಹೊತ್ತು ಒಳಗಿನ ಕೋಣೆಯಲ್ಲಿರಲಿ.