ಸೂಪರ್‌ಹೀರೊ ಸಿನಿಮಾಗಳ ಧರ್ಮಸಂಕಟ: ಬೆಲೆ ತೆತ್ತವರು ಯಾರು?

ನೀತಿಶಾಸ್ತ್ರದ ಪರೀಕ್ಷೆಗೆ ಓದುತ್ತಿದ್ದಾಗ ನನಗಾಗಿ ಬರೆದುಕೊಂಡ ಟಿಪ್ಪಣಿ ಇದು. ಐವರನ್ನು ಉಳಿಸಲು ಟ್ರಾಲಿಯ ಹಳಿ ಬದಲಿಸಿ ಒಬ್ಬನನ್ನು ಬಲಿ ಕೊಡಬಹುದೇ ಎಂಬ ಉದಾಹರಣೆಯನ್ನೇ ಓದಿ ಓದಿ ತಲೆ ಕೆಟ್ಟಿತ್ತು, ಸಿನಿಮಾಗಳ ಕಡೆ ಹೊರಳಿದೆ. ಕತೆಯ ಗುಟ್ಟುಗಳೆಲ್ಲ ಇಲ್ಲಿ ಬಯಲಾಗುತ್ತವೆ. ನೋಡಿಲ್ಲದವರು ಮೊದಲು ನೋಡಿಕೊಂಡು ಬನ್ನಿ.

ಶುರುವಿಗೆ ಒಂದು ವ್ಯತ್ಯಾಸ. ಇಕ್ಕಟ್ಟು ಬೇರೆ, ಧರ್ಮಸಂಕಟ ಬೇರೆ. ಬಾಂಬ್ ಸಿಡಿಯಲು ಹತ್ತೇ ನಿಮಿಷ ಇದೆ ಅನ್ನುವುದು ಇಕ್ಕಟ್ಟು. ಮಾಡಬೇಕಾದ್ದು ಗೊತ್ತಿದೆ, ಮಾಡುವುದು ಕಷ್ಟ, ಅಷ್ಟೇ. ಧರ್ಮಸಂಕಟದಲ್ಲಿ ಎರಡು ಕರ್ತವ್ಯಗಳೂ ನಿಜವಾದವು, ಎರಡನ್ನೂ ಪೂರೈಸಲಾಗದು. ಯಾವುದನ್ನು ಹಿಡಿದರೂ ಇನ್ನೊಂದು ಬಾಕಿ ನಿಲ್ಲುತ್ತದೆ. ಈ ಬಾಕಿಯನ್ನು ಒತ್ತಿ ಹೇಳಿದವರು ತತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್: ಸರಿಯಾದುದನ್ನೇ ಆರಿಸಿದ್ದರೂ ಕೈಬಿಟ್ಟ ಕರ್ತವ್ಯ ಅಳಿಸಿಹೋಗುವುದಿಲ್ಲ, ಅದರ ಬಗ್ಗೆ ವಿಷಾದ ಪಡಲು ಕಾರಣ ಉಳಿದೇ ಇರುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಪದದ ಮೇಲೆ ನಿಂತಿದೆ: ಬಾಕಿ.

ಸೇತುವೆಯ ಮೇಲೆ

ಸ್ಯಾಮ್ ರೈಮಿಯವರ 2002ರ ‘ಸ್ಪೈಡರ್‌ಮ್ಯಾನ್’ ಕೊನೆಯಲ್ಲಿ ಖಳ ಗ್ರೀನ್ ಗಾಬ್ಲಿನ್ ಒಂದು ಕೈಯಲ್ಲಿ ಮೇರಿ ಜೇನ್‌ಳನ್ನೂ ಇನ್ನೊಂದರಲ್ಲಿ ಮಕ್ಕಳು ತುಂಬಿದ ಕೇಬಲ್ ಕಾರನ್ನೂ ಹಿಡಿದು ನಿಲ್ಲುತ್ತಾನೆ. ಪ್ರೀತಿಸಿದವಳೋ, ಗುರುತಿಲ್ಲದ ಮಕ್ಕಳೋ? ಗಾಬ್ಲಿನ್ ಎರಡನ್ನೂ ಕೈಬಿಡುತ್ತಾನೆ, ಪೀಟರ್ (ಅವನೇ ಸ್ಪೈಡರ್‌ಮ್ಯಾನ್) ಎರಡನ್ನೂ ಹಿಡಿಯುತ್ತಾನೆ. ನೋಡಲು ಚೆನ್ನ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ, ನಿರ್ದೇಶಕರು ಪ್ರಶ್ನೆಯನ್ನೇ ವಾಪಸು ತೆಗೆದುಕೊಂಡರು. 1973ರ ಕಾಮಿಕ್‌ನಲ್ಲಿ ಇದೇ ಗಾಬ್ಲಿನ್ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯಿಂದ ತಳ್ಳುತ್ತಾನೆ. ಬಲೆ ಅವಳನ್ನು ಹಿಡಿಯುತ್ತದೆ, ಅವಳು ಬದುಕುವುದಿಲ್ಲ. ಅಲ್ಲಿ ಬಾಕಿ ಇದೆ.

ಹೆಚ್ಚಿನ ಸೂಪರ್‌ಹೀರೊ ಸಿನಿಮಾಗಳು ಮಾಡುವ ಮೋಸ ಇದೇ. ಅತ್ತ ದರಿ ಇತ್ತ ಪುಲಿ ಎಂದು ನಂಬಿಸಿ, ಕೊನೆಗೆ ಹೀರೊ ಹಾರಬಲ್ಲ ಎಂದು ನೆನಪಿಸುತ್ತವೆ. ಶಕ್ತಿ ಹೆಚ್ಚಿದಷ್ಟೂ ಸಂಕಟ ಕಡಿಮೆಯಾಗುತ್ತದೆ.

ಹಾಗಾದರೆ ವೀರತ್ವ ಎಲ್ಲಿದೆ?

ತತ್ವಶಾಸ್ತ್ರಜ್ಞ ಜೆ. ಓ. ಅರ್ಮ್‌ಸನ್ 1958ರಲ್ಲಿ ಬರೆದ ಒಂದು ಲೇಖನ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಕ್ರಿಯೆಗಳನ್ನು ಮಾಡಲೇಬೇಕಾದವು, ಮಾಡಬಾರದವು, ಮಾಡಿದರೂ ಬಿಟ್ಟರೂ ನಡೆಯುವಂಥವು ಎಂದು ಮೂರೇ ಗುಂಪು ಮಾಡಿದರೆ ವೀರರಿಗೆ ಜಾಗವೇ ಇಲ್ಲ ಎನ್ನುವುದು ಅವರ ವಾದ. ಅವರ ಉದಾಹರಣೆ, ಸಂಗಡಿಗರನ್ನು ಉಳಿಸಲು ಸಿಡಿಯಲಿರುವ ಗ್ರೆನೇಡಿನ ಮೇಲೆ ಬೀಳುವ ಸೈನಿಕ. ಅವನು ಹಾಗೆ ಮಾಡದಿದ್ದರೆ ಯಾರೂ ಬೈಯುವಂತಿಲ್ಲ. ಮಾಡಿದ್ದು ಕರ್ತವ್ಯವನ್ನು ಮೀರಿದ್ದು.

2011ರ ‘ಕ್ಯಾಪ್ಟನ್ ಅಮೆರಿಕ’ ಚಿತ್ರ ನೆನಪಾಗಿರಬೇಕು. ತರಬೇತಿ ಶಿಬಿರದಲ್ಲಿ ಕರ್ನಲ್ ನಕಲಿ ಗ್ರೆನೇಡ್ ಎಸೆಯುತ್ತಾರೆ. ಕಟ್ಟುಮಸ್ತಾದ ಹುಡುಗರೆಲ್ಲ ಚದುರಿ ಓಡುತ್ತಾರೆ, ನರಪೇತಲ ಸ್ಟೀವ್ ರೋಜರ್ಸ್ ಅದರ ಮೇಲೆ ಕವುಚಿ ಬೀಳುತ್ತಾನೆ. ಅದು ನಕಲಿ ಎಂದು ಅವನಿಗೆ ಗೊತ್ತಿಲ್ಲ. ಅವನನ್ನು ಕ್ಯಾಪ್ಟನ್ ಅಮೆರಿಕ ಮಾಡುವ ಶಕ್ತಿಯ ಔಷಧ ಇನ್ನೂ ಮೈಗೆ ಸೇರಿಲ್ಲ. ಆ ಇಡೀ ಸರಣಿಯಲ್ಲಿ ಅವನ ಅತಿ ದೊಡ್ಡ ವೀರಕೃತ್ಯ ಇದೇ ಎಂಬುದು ನನ್ನ ಲೆಕ್ಕ. ಆಮೇಲೆ ಅವನು ಮಾಡಿದ್ದೆಲ್ಲ ಗುರಾಣಿ ಹಿಡಿದು ಮಾಡಿದ್ದು.

ಇದಕ್ಕೆ ಎದುರಾಗಿ ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಅವರ 1972ರ ವಾದವನ್ನು ಇಡಿ. ಕೊಳದಲ್ಲಿ ಮಗು ಮುಳುಗುತ್ತಿದೆ, ನಿಮಗಾಗುವ ನಷ್ಟ ಬಟ್ಟೆ ಕೆಸರಾಗುವುದು ಮಾತ್ರ. ಆಗ ಕಾಪಾಡುವುದು ಔದಾರ್ಯವಲ್ಲ, ಕರ್ತವ್ಯ. ಗುಂಡು ತಾಗದ ಸೂಪರ್‌ಮ್ಯಾನ್ ಕಳ್ಳರ ಗುಂಡಿಗೆ ಎದೆಯೊಡ್ಡಿದರೆ ಅವನಿಗೆ ಬಟ್ಟೆಯೂ ಕೆಸರಾಗದು! ಅವನು ಮಾಡಿದ್ದು ಒಳ್ಳೆಯದೇ, ವೀರತ್ವ ಮಾತ್ರ ಅಲ್ಲ.

ಅದಕ್ಕೇ 2004ರ ‘ಸ್ಪೈಡರ್‌ಮ್ಯಾನ್ 2’ ನನಗೆ ಮೊದಲ ಭಾಗಕ್ಕಿಂತ ಇಷ್ಟ. ಶಕ್ತಿ ಕಳೆದುಕೊಂಡ ಪೀಟರ್ ಉರಿಯುವ ಕಟ್ಟಡಕ್ಕೆ ಬರಿಗೈಯಲ್ಲಿ ನುಗ್ಗಿ ಮಗುವೊಂದನ್ನು ಹೊತ್ತು ತರುತ್ತಾನೆ. ಹೊರಗೆ ಬಂದಾಗ ಅಗ್ನಿಶಾಮಕದವರ ಮಾತಿನಿಂದ ತಿಳಿಯುತ್ತದೆ, ಮೇಲಿನ ಮಹಡಿಯಲ್ಲಿ ಇನ್ನೊಬ್ಬರು ಸಿಕ್ಕಿಕೊಂಡು ಸತ್ತರು ಎಂದು. ವೀರತ್ವವೂ ಬಾಕಿಯೂ ಒಂದೇ ದೃಶ್ಯದಲ್ಲಿ.

ಜೀವಗಳ ವಿನಿಮಯ

ಪರಿಣಾಮವಾದಕ್ಕೆ ಕ್ರಿಯೆಯ ಫಲವೇ ಮುಖ್ಯ. ಕರ್ತವ್ಯವಾದಕ್ಕೆ ಫಲ ಏನೇ ಇರಲಿ, ಮಾಡಲೇಬಾರದ ಕೆಲವು ಕೆಲಸಗಳಿವೆ. 2018ರ ‘ಇನ್ಫಿನಿಟಿ ವಾರ್’ ಎರಡನ್ನೂ ಪರೀಕ್ಷೆಗೊಡ್ಡುತ್ತದೆ. ಶಕ್ತಿಮಣಿಗಳನ್ನು ಕೂಡಿಸಲು ಹೊರಟ ಖಳ ಥಾನೋಸ್‌ಗೆ ಸಿಗದಂತೆ, ಹಣೆಯಲ್ಲಿರುವ ಮಣಿಯೊಂದಿಗೆ ತನ್ನನ್ನೂ ನಾಶ ಮಾಡಿ ಎಂದು ಸ್ಟೀವ್‌ನ ಸಂಗಾತಿ ವಿಷನ್ ಕೇಳುತ್ತಾನೆ. ಜೀವಗಳ ವ್ಯಾಪಾರ ನಾವು ಮಾಡುವುದಿಲ್ಲ ಎಂದು ಸ್ಟೀವ್ ನಿರಾಕರಿಸುತ್ತಾನೆ. ಕೇಳಲು ಉದಾತ್ತ. ಮುಂದೇನಾಯಿತು ನೋಡಿ: ವಿಷನ್‌ನನ್ನು ಉಳಿಸಿಕೊಳ್ಳುವ ಪ್ರಯತ್ನಕ್ಕಾಗಿ ಯುದ್ಧ ವಕಾಂಡ ಎಂಬ ದೇಶಕ್ಕೆ ಬರುತ್ತದೆ, ಅಲ್ಲಿನ ಸೈನಿಕರು ಸಾಯುತ್ತಾರೆ. ವ್ಯಾಪಾರ ನಡೆದೇ ನಡೆಯಿತು. ಸತ್ತವರ ಹೆಸರು ನಮಗೆ ಗೊತ್ತಿಲ್ಲ ಅಷ್ಟೇ.

ಸ್ಟೀವ್ ಪರವಾಗಿಯೂ ಹೇಳಬಹುದು. ಸೈನಿಕರು ತಿಳಿದೇ ರಣರಂಗಕ್ಕೆ ಇಳಿದವರು, ಅವರನ್ನು ಕೊಂದವರು ಶತ್ರುಗಳು. ತಾನೇ ಕೊಲ್ಲುವುದಕ್ಕೂ ಸಾವನ್ನು ತಡೆಯಲಾಗದೆ ಹೋಗುವುದಕ್ಕೂ ವ್ಯತ್ಯಾಸವಿದೆ ಎನ್ನುವವರಿಗೆ ಇದು ಸಾಕು. ನನಗೆ ಸಾಕಾಗಲಿಲ್ಲ. ತನ್ನ ಪ್ರಾಣವನ್ನು ತಾನೇ ಕೊಡುತ್ತೇನೆ ಎಂದವನು ವಿಷನ್. ಅವನ ಒಪ್ಪಿಗೆಯನ್ನು ಸ್ಟೀವ್ ಲೆಕ್ಕಕ್ಕೇ ಹಿಡಿಯಲಿಲ್ಲ.

ಒಪ್ಪಿಗೆಯ ಈ ಎಳೆ ಹಿಡಿದರೆ ಥಾನೋಸ್‌ನ ಗಂಟೂ ಬಿಚ್ಚಿಕೊಳ್ಳುತ್ತದೆ. ಉತ್ತರಪತ್ರಿಕೆಗಳಲ್ಲಿ ಅವನನ್ನು ಪರಿಣಾಮವಾದಿ ಎಂದು ಬರೆಯುವ ಚಾಳಿ ಇದೆ, ಹುಷಾರು. ಸಂಪನ್ಮೂಲ ಸಾಲದು ಎಂದು ಮಣಿಗಳ ಬಲದಿಂದ ಒಂದು ಚಿಟಿಕೆ ಹೊಡೆದು ಬ್ರಹ್ಮಾಂಡದ ಅರ್ಧ ಜೀವಿಗಳನ್ನು ಅಳಿಸಬಲ್ಲವನು ಸಂಪನ್ಮೂಲವನ್ನು ಇಮ್ಮಡಿ ಮಾಡಲು ಯೋಚಿಸುವುದೇ ಇಲ್ಲ. ಬೇರೆ ದಾರಿಗಳನ್ನು ತೂಗಿ ನೋಡದವನು ಎಂಥ ಪರಿಣಾಮವಾದಿ? ಮಣಿಗಾಗಿ ಮಗಳು ಗಮೋರಳನ್ನು ಪ್ರಪಾತಕ್ಕೆ ತಳ್ಳುವಾಗ ಅವನು ಅಳುವುದು ನಿಜ, ಕಣ್ಣೀರೂ ಸುಳ್ಳಲ್ಲ. ಆದರೆ ತೆತ್ತದ್ದು ಅವಳ ಪ್ರಾಣ, ಅವಳ ಒಪ್ಪಿಗೆ ಇಲ್ಲದೆ. 2019ರ ‘ಎಂಡ್‌ಗೇಮ್’ನಲ್ಲಿ ಟೋನಿ ಸ್ಟಾರ್ಕ್ (ಐರನ್ ಮ್ಯಾನ್) ಅದೇ ಮಣಿಗಳನ್ನು ಹಾಕಿಕೊಂಡು ಅದೇ ಚಿಟಿಕೆ ಹೊಡೆಯುತ್ತಾನೆ, ತೆರುವುದು ತನ್ನ ಪ್ರಾಣ.

ಎರಡು ದೋಣಿಗಳು

ಕ್ರಿಸ್ಟೋಫರ್ ನೋಲನ್ ಅವರ ‘ದಿ ಡಾರ್ಕ್ ನೈಟ್’ (2008) ಇಲ್ಲಿ ಎಲ್ಲಕ್ಕಿಂತ ಜಾಣ. ಒಂದು ದೋಣಿಯಲ್ಲಿ ಸಾಮಾನ್ಯ ಜನ, ಇನ್ನೊಂದರಲ್ಲಿ ಕೈದಿಗಳು. ಎರಡರಲ್ಲೂ ಬಾಂಬ್, ಒಬ್ಬರ ಬಾಂಬಿನ ಗುಂಡಿ ಇನ್ನೊಬ್ಬರ ಕೈಯಲ್ಲಿ. ಮಧ್ಯರಾತ್ರಿಯೊಳಗೆ ಯಾರೂ ಒತ್ತದಿದ್ದರೆ ಎರಡೂ ಸಿಡಿಯುತ್ತವೆ ಎಂದು ಖಳ ಜೋಕರ್ ಹೇಳಿದ್ದಾನೆ. ಜನರ ದೋಣಿಯಲ್ಲಿ ಚೀಟಿ ಹಾಕಿ ಮತ ಹಾಕುತ್ತಾರೆ: ಒತ್ತಿ ಎಂದವರು 396, ಬೇಡ ಎಂದವರು 140. ಬಹುಮತ ಸಿಕ್ಕಿತು, ಆದರೆ ಒತ್ತಲು ಒಂದು ಕೈ ಬೇಕಲ್ಲ! ಒಬ್ಬಾತ ಧೈರ್ಯವಾಗಿ ಎದ್ದು ಪೆಟ್ಟಿಗೆ ಕೈಗೆತ್ತಿಕೊಂಡು, ಮತ್ತೆ ಅಲ್ಲೇ ಇಟ್ಟು ಕೂರುತ್ತಾನೆ. ಇನ್ನೊಂದು ದೋಣಿಯಲ್ಲಿ ಕೈದಿಯೊಬ್ಬ ಗುಂಡಿಯನ್ನು ಕಾವಲುಗಾರನಿಂದ ತೆಗೆದುಕೊಂಡು ಕಿಟಕಿಯಾಚೆ ಎಸೆಯುತ್ತಾನೆ.

‘ಹೀಗಾಗಲಿ’ ಎಂದು ಬಯಸುವುದಕ್ಕೂ ‘ನಾನು ಮಾಡುತ್ತೇನೆ’ ಎನ್ನುವುದಕ್ಕೂ ನಡುವೆ ಎಷ್ಟು ದೂರ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ದೃಶ್ಯ ನನಗೆ ಸಿಕ್ಕಿಲ್ಲ. ಇಲ್ಲಿ ಸೂಪರ್‌ಹೀರೊ ಕೂಡ ಇಲ್ಲ. ಅವನು ಬೇರೆಲ್ಲೋ ಹೊಡೆದಾಡುತ್ತಿದ್ದಾನೆ.

ಆದರೆ ಇದೇ ಸಿನಿಮಾದ ಕೊನೆ ತಕರಾರಿನದ್ದು. ಊರು ನಂಬಿದ್ದ ಸರ್ಕಾರಿ ವಕೀಲ ಹಾರ್ವಿ ಡೆಂಟ್ ಮಾಡಿದ ಕೊಲೆಗಳ ಹೊಣೆಯನ್ನು ಬ್ಯಾಟ್‌ಮ್ಯಾನ್ ತನ್ನ ತಲೆಗೆ ಹಾಕಿಕೊಳ್ಳುತ್ತಾನೆ. ಬೆಲೆ ತೆತ್ತವನು ತಾನೇ, ಹಾಗಾಗಿ ನನ್ನ ಅಳತೆಗೋಲಿನ ಪ್ರಕಾರ ವೀರ. ಹೀಗೆಂದೇ ನಾನು ಮೊದಲು ಬರೆದುಕೊಂಡಿದ್ದೆ. ಆಮೇಲೆ 2012ರ ಮುಂದಿನ ಭಾಗ ನೋಡಿ ಹೊಡೆದು ಹಾಕಿದೆ. ಆ ಸುಳ್ಳಿನ ಮೇಲೆ ಒಂದು ಕಾಯ್ದೆ ಬಂದಿದೆ, ಅದರಡಿ ಜನ ಜೈಲಿನಲ್ಲಿದ್ದಾರೆ. ತ್ಯಾಗ ಮಾಡಿದವನ ಲೆಕ್ಕ ತೀರಿತ್ತು. ಬಾಕಿ ಬಿದ್ದದ್ದು ನಿಜ ತಿಳಿಯದ ಊರಿನ ಮೇಲೆ.